ಆಚಾರ್ರ ಮೊಳೆ, ಜಾತ್ರೆಯ ಗಾಲಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ. ಹೆಸರು ಹಾಕಬೇಡಿ ಎಂದಿದ್ದಾರೆ.

"ಸಾಗರದ ಮಾರಿಜಾತ್ರೆಯಲ್ಲಿ ಒಂದೂವರೆ ವರ್ಷದ ಮೊಮ್ಮಗನಿಗೆ 80 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಕಾರು ತಂದೆ. ಮೂರನೇ ದಿನಕ್ಕೆ ಗಾಲಿ ಕಿತ್ತು ಬಾಯಿಗೆ ಹೋಯಿತು. ಮಗು ಉಸಿರು ಕಟ್ಟಿ ನೀಲಿಯಾಯಿತು. ಬೆರಳು ಹಾಕಿದೆ, ಬರಲಿಲ್ಲ. ಸೊಸೆ ಬಗ್ಗಿಸಿ ಬೆನ್ನಿಗೆ ಗುದ್ದಿದ ಮೇಲೆ ಹೊರಗೆ ಬಿತ್ತು. ಸಿಟ್ಟಿಗೆ ಆ ಕಾರನ್ನು ಬಚ್ಚಲೊಲೆಗೆ ಹಾಕಿದೆ. ಅಮೆರಿಕದಲ್ಲಿ ಹೀಗಾದರೆ ಕಂಪನಿಯೇ ಎಲ್ಲ ವಾಪಸ್ ತರಿಸಿಕೊಳ್ಳುತ್ತದೆ ಅಂತ ಅಲ್ಲಿರುವ ಮಗಳು ಹೇಳುತ್ತಾಳೆ. ನಮ್ಮ ಯಜಮಾನರು ಮಾತ್ರ, 'ಮಗೂನ ನೋಡ್ಕೊಳ್ಳೋಕೆ ಆಗದಿದ್ರೆ ಕಂಪನಿ ಏನು ಮಾಡುತ್ತೆ? ನಾವೆಲ್ಲ ಗುಲಗಂಜಿ ಇಟ್ಕೊಂಡು ಆಡಿ ಬೆಳೀಲಿಲ್ವಾ?' ಅಂತಾರೆ. ಯಾರದ್ದು ಸರಿ?"

ಅಕ್ಕಾ, ಮೊದಲು ನಿಮ್ಮ ಸೊಸೆಗೆ ನನ್ನದೊಂದು ನಮಸ್ಕಾರ ತಿಳಿಸಿ. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ತೆಗೆಯಲು ಹೋದರೆ ಅದು ಇನ್ನೂ ಒಳಗೆ ಇಳಿಯುತ್ತದೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ದನಿಯೇ ಹೊರಡದಿದ್ದರೆ, ವರ್ಷದೊಳಗಿನ ಕೂಸಾದರೆ, ತಲೆ ಕೆಳಗೆ ಮಾಡಿ ಬೆನ್ನಿಗೆ 5 ಪೆಟ್ಟು, ಮಗುಚಿ ಎದೆ ಮಧ್ಯೆ 5 ಸಲ ಒತ್ತು. ವರ್ಷ ದಾಟಿದ ಮಗುವಿಗೆ ಬೆನ್ನಿನ ಪೆಟ್ಟಿನ ಜೊತೆ, ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಗಡೆ ಒಳಕ್ಕೂ ಮೇಲಕ್ಕೂ ಒತ್ತುವುದು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಿರಬೇಕು.

ಇನ್ನು ಯಜಮಾನರ ಮಾತು. ಎಳೆ ಮಗುವಿನ ಮೇಲೆ ಕಣ್ಣಿರಬೇಕು, ಒಪ್ಪಿದೆ. ಚನ್ನೆಮಣೆ ಪಕ್ಕ ಕೂತು ನಾನೂ ಹುಣಸೆ ಬೀಜವನ್ನು ಮೂಗಿಗೆ ಸೇರಿಸಿಕೊಂಡವನೇ. ಅಜ್ಜಿ ನಶ್ಯ ಹಾಕಿ ಸೀನಿಸಿದಳು. ಅದನ್ನು ಹೇಳಿಕೊಂಡು ಈಗಲೂ ನಗುತ್ತೇನೆ. ಆದರೆ ನಮ್ಮ ಕೇರಿಯಲ್ಲೇ ಕಡಲೆಕಾಯಿ ಬೀಜ ಉಸಿರಿನ ನಾಳಕ್ಕೆ ಹೋಗಿ ತೀರಿಕೊಂಡ ಮಗುವೊಂದಿತ್ತು. "ಸ್ವಲ್ಪ ನೋಡ್ಕೋಬಾರದಿತ್ತಾ" ಅನ್ನುವ ಮಾತನ್ನು ಅದರ ತಾಯಿ ಮುದುಕಿಯಾಗುವವರೆಗೂ ಕೇಳಿದಳು. "ನಾವೆಲ್ಲ ಬೆಳೀಲಿಲ್ವಾ" ಅನ್ನುವಾಗ ಆ ಮಗು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಅಂದ ಹಾಗೆ, ವಾಪಸ್ ತರಿಸಿಕೊಳ್ಳುವುದು ಅಮೆರಿಕದವರು ಕಂಡುಹಿಡಿದದ್ದು ಅಂತ ಮಗಳು ತಿಳಿದಿದ್ದರೆ, ನಮ್ಮೂರ ಆಚಾರ್ರ ಕಥೆ ಅವಳಿಗೆ ಹೇಳಿ. ನನ್ನ ತಮ್ಮ ನಡಿಗೆ ಕಲಿಯಲಿ ಅಂತ ಅವರು ಮೂರು ಗಾಲಿಯ ಗಾಡಿ ಮಾಡಿಕೊಟ್ಟಿದ್ದರು. ಅದರಲ್ಲೊಂದು ಮೊಳೆ ಎದ್ದು ತಮ್ಮನ ಅಂಗೈ ಗೀರಿತು. ಅಜ್ಜಿ ಗಾಡಿಯನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಅವರ ಜಗಲಿಯಲ್ಲಿ ಕುಕ್ಕಿದಳು. ಆಚಾರ್ರು ಚಕಾರ ಎತ್ತದೆ ಮೊಳೆ ಕಿತ್ತು ಮರದ ಗೂಟ ಹೊಡೆದರು. ಆಮೇಲೆ ಉಳಿ, ಕೊಡತಿ ಚೀಲಕ್ಕೆ ಹಾಕಿಕೊಂಡು ಹೊರಟರು. ಅಂಥದ್ದೇ ಗಾಡಿಯನ್ನು ಆ ವರ್ಷ ಇನ್ನೂ ನಾಲ್ಕು ಮನೆಗೆ ಕೊಟ್ಟಿದ್ದರಂತೆ. ಸಂಜೆಯೊಳಗೆ ನಾಲ್ಕೂ ಮನೆ ಸುತ್ತಿ ಬಂದರು.

2007ರ ಆಗಸ್ಟ್‌ನಲ್ಲಿ ಮ್ಯಾಟೆಲ್ ಕಂಪನಿ, ಬಿಚ್ಚಿಕೊಳ್ಳುವ ಸಣ್ಣ ಅಯಸ್ಕಾಂತಗಳಿದ್ದ ಸುಮಾರು 1.8 ಕೋಟಿ ಆಟಿಕೆಗಳನ್ನು ಜಗತ್ತಿನ ಮೂಲೆಮೂಲೆಯಿಂದ ವಾಪಸ್ ಕರೆಯಿತಲ್ಲ, ಅದೂ ಇದೇ ಕೆಲಸ. ಮಗು ಎರಡು ಅಯಸ್ಕಾಂತ ನುಂಗಿದರೆ ಅವು ಹೊಟ್ಟೆಯೊಳಗೆ ಅಂಟಿಕೊಂಡು, ನಡುವೆ ಸಿಕ್ಕ ಕರುಳು ತೂತಾಗುತ್ತದೆ. ಅಷ್ಟು ದೂರದಿಂದ ಕರೆಯಲು ಆಗಿದ್ದು ಯಾಕೆ? ಪೆಟ್ಟಿಗೆ ಮೇಲೆ ಹೆಸರಿತ್ತು, ನಂಬರಿತ್ತು.

ಇಲ್ಲಿಗೆ ನನ್ನ ಹಳೇ ಹುಚ್ಚು ಶುರು. ಮನೆಯಲ್ಲಿ ನನ್ನನ್ನು ಚೀಟಿ ಅಜ್ಜ ಅಂತಲೇ ಕರೆಯುತ್ತಾರೆ. ಏನು ಕೊಂಡರೂ ಬಿಲ್ ಕೇಳುತ್ತೇನೆ, ಪೊಟ್ಟಣ ತಿರುಗಿಸಿ ವಿಳಾಸ ಓದುತ್ತೇನೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನ್ನ ಹಿಂದೆ ನಿಂತವರು ಗೊಣಗುವುದು ನನಗೂ ಕೇಳಿಸುತ್ತದೆ. ಕಾನೂನು ನಮ್ಮಲ್ಲೂ ಇದೆ ಅಕ್ಕಾ. 2021ರ ಜನವರಿ 1ರಿಂದ, 14 ವರ್ಷದೊಳಗಿನವರ ಆಟದ ಸಾಮಾನಿಗೆ ಐಎಸ್‌ಐ ಗುರುತು ಕಡ್ಡಾಯ. ಅಪಾಯದ ಸಾಮಾನನ್ನು ವಾಪಸ್ ತರಿಸುವ ಅಧಿಕಾರವನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಕೊಟ್ಟಿದೆ. ಚನ್ನಪಟ್ಟಣದ ಗೊಂಬೆಯವರಂಥ ಕುಶಲಕರ್ಮಿಗಳಿಗೆ ಐಎಸ್‌ಐನಿಂದ ವಿನಾಯಿತಿ ಇದೆ. ಇರಲಿ, ಅದಕ್ಕೆ ಊರಿನ ಹೆಸರಾದರೂ ಇದೆ. ನಿಮ್ಮ ಕಾರಿಗೆ ಏನಿತ್ತು?

ಪರೀಕ್ಷೆಯೇನು ದೊಡ್ಡ ವಿದ್ಯೆಯಲ್ಲ. 31.7 ಮಿಲಿಮೀಟರ್ ಅಗಲದ ಒಂದು ಗಿಡ್ಡ ಕೊಳವೆ. ಆಟಿಕೆಯೋ ಅದರ ಚೂರೋ ಅದರೊಳಗೆ ಪೂರ್ತಿ ಇಳಿದರೆ, 3 ವರ್ಷದೊಳಗಿನ ಮಗುವಿಗೆ ಅದು ಕೂಡದು. ನಮ್ಮ 10 ರೂಪಾಯಿ ನಾಣ್ಯ 27 ಮಿಲಿಮೀಟರ್, ಸಲೀಸಾಗಿ ಇಳಿಯುತ್ತದೆ. ಚಾಲಿ ಅಡಿಕೆಯೂ ಇಳಿಯುತ್ತದೆ. ಅಂಗಳದಲ್ಲಿ ಅಡಿಕೆ ಹರವಿದವರು ಸ್ವಲ್ಪ ನೋಡಿಕೊಳ್ಳಿ. ಗಾಲಿಯನ್ನು ಹೀಗೆ ಅಳೆದು ನೋಡಬೇಕಾದವನು ಮಾಡಿದವನೋ, ಒಲೆ ಮುಂದಿರುವ ಸೊಸೆಯೋ?

ಆಟದ ಸಾಮಾನೊಂದೇ ಅಲ್ಲ, ನಮ್ಮಲ್ಲಿ ಯಾವುದಕ್ಕೂ ಅಪ್ಪ ಅಮ್ಮ ಇಲ್ಲ. ಶಾಲೆ ಮುಂದೆ ಮಾರುವ ಬಣ್ಣದ ಮಿಠಾಯಿಗೆ ಹೆಸರಿಲ್ಲ. ಕಳೆನಾಶಕವನ್ನು ನೀರಿನ ಬಾಟಲಿಗೆ ಬಗ್ಗಿಸಿ ಕೊಟ್ಟಿಗೆಯಲ್ಲಿಡುತ್ತೇವೆ, ಚೀಟಿ ಅಂಟಿಸುವುದಿಲ್ಲ. ಹೋದ ಮಳೆಗಾಲಕ್ಕೆ ಹಾಕಿದ ಮೋರಿ ಈ ಮಳೆಗಾಲಕ್ಕೆ ಕುಸಿದರೆ, ಕಟ್ಟಿಸಿದವರು ಯಾರು ಅಂತ ಇಡೀ ಊರಿಗೇ ಮರೆತುಹೋಗಿರುತ್ತದೆ. ತಪ್ಪಾದಾಗ ಸಿಗುವುದು ತಾಯಿಯೊಬ್ಬಳೇ. ಅವಳ ವಿಳಾಸ ಎಲ್ಲರಿಗೂ ಗೊತ್ತಲ್ವಾ?

ಬೈಯುವುದೊಂದು ಬಾಕಿಯಿದೆ. ಕಾರನ್ನು ಯಾಕೆ ಸುಟ್ಟಿರಿ? ಪ್ಲಾಸ್ಟಿಕ್ ಹೊಗೆಯ ಮಾತು ಬಿಡಿ. ಉಳಿದ ಮೂರು ಗಾಲಿ ಕೈಯಲ್ಲಿದ್ದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ತೋರಿಸಲು ಏನಾದರೂ ಇರುತ್ತಿತ್ತು. ಅದೇ ಅಂಗಡಿಯಿಂದ ಅಂಥದ್ದೇ ಕಾರು ಇನ್ನೆಷ್ಟು ಮನೆಗೆ ಹೋಗಿದೆಯೋ. ಆಚಾರ್ರಾದರೆ ಲೆಕ್ಕ ಇಟ್ಟಿರುತ್ತಿದ್ದರು.

ಅದರ ಬಣ್ಣ ಯಾವುದಿತ್ತು, ಒಂದು ಕಾರ್ಡ್ ಬರೆಯಿರಿ. ನಾನೂ ಈ ಸಲ ಸಾಗರದ ಜಾತ್ರೆಗೆ ಹೋಗಿದ್ದೆ. ಮೊಮ್ಮಗಳಿಗೆ ಅಂತ ತಂದ ಒಂದು ಹಸಿರು ಕಾರು ಈಗ ನನ್ನ ಮೇಜಿನ ಮೇಲಿದೆ. ಗದ್ದಲದಲ್ಲಿ ಬಿಲ್ ಕೇಳಲು ಮರೆತೆ.