ನಾಲ್ಕು ಗಂಟೆಯ ಅಲಾರಂ, ಮೂರು ಪಾಳಿಯ ಕೆಲಸ

(ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುಜಾತಾ ನನ್ನ ಬಳಿ ಬಂದದ್ದು ಬರವಣಿಗೆಯ ವಿಚಾರಕ್ಕಲ್ಲ, ನಿದ್ದೆ ಸಾಲುತ್ತಿಲ್ಲವೆಂದು. ವಯಸ್ಸು 39, ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ, ವಾರ್ಡಿನಲ್ಲಿ ಔಷಧಿ ಚಾರ್ಟನ್ನು ಎರಡೆರಡು ಸಲ ಓದಿದರೂ ಧೈರ್ಯ ಬರುವುದಿಲ್ಲ ಎಂದರು. ದಿನಚರಿ ಕೇಳುತ್ತಾ ಹೋದಾಗ "ನಾಲ್ಕಕ್ಕೆ ಏಳ್ತೀನಿ" ಎಂಬ ಮಾತು ಬಂತು. ಅಷ್ಟು ಬೇಗ ಯಾಕೆ ಎಂದೆ. "ಕಥೆ ಬರೀತೀನಿ ಮೇಡಂ. ಮನೇಲಿ ಇಲಾಖೆ ಪರೀಕ್ಷೆಗೆ ಓದ್ಕೊಳ್ತೀನಿ ಅಂತ ಹೇಳಿದೀನಿ."

ಕಾಲೇಜಿನ ದಿನಗಳಲ್ಲಿ ಇವರ ಎರಡು ಕಥೆಗಳು ವಾರಪತ್ರಿಕೆಯಲ್ಲಿ ಅಚ್ಚಾಗಿದ್ದವು. ಆಮೇಲೆ ಕೆಲಸ, ಮದುವೆ, ಮಗು. ಕಳೆದ ವರ್ಷ ಯಾವುದೋ ವಿಡಿಯೊ ನೋಡಿ, 21 ದಿನ ಬಿಡದೆ ನಾಲ್ಕಕ್ಕೆದ್ದು ಬರೆದರೆ ಅಭ್ಯಾಸ ಕೂತುಬಿಡುತ್ತದೆ ಎಂದು ಹಟ ತೊಟ್ಟರು. ಮೂರು ಸಲ ಶುರುಮಾಡಿದರು, ಮೂರು ಸಲವೂ ನೈಟ್ ಡ್ಯೂಟಿಯ ವಾರ ಬಂದಾಗ ನಿಂತಿತು. ಇವರ ಪಾಳಿ ಬೆಳಿಗ್ಗೆ ಎಂಟರಿಂದ ಎರಡು, ಎರಡರಿಂದ ರಾತ್ರಿ ಎಂಟು, ಎಂಟರಿಂದ ಮರುದಿನ ಬೆಳಿಗ್ಗೆ ಎಂಟು ಹೀಗೆ ತಿರುಗುತ್ತದೆ. "ನಂಗೆ ಶಿಸ್ತೇ ಇಲ್ಲ ಮೇಡಂ" ಎಂದರು. ಹನ್ನೆರಡು ಗಂಟೆಯ ರಾತ್ರಿಪಾಳಿಯನ್ನು ವರ್ಷಗಟ್ಟಲೆ ನಿಭಾಯಿಸಿದ ಹೆಂಗಸು ಹೀಗೆಂದದ್ದು ಕೇಳಿ ನನಗೆ ನಿಜಕ್ಕೂ ಬೇಸರವಾಯಿತು.

ಆ 21ರ ಲೆಕ್ಕದ ಮೂಲ ಅವರಿಗೆ ತಿಳಿಯಬೇಕಿತ್ತು. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕು ಎಂದು 1960ರಲ್ಲಿ ಬರೆದಿದ್ದರು. 'ಕನಿಷ್ಠ' ಎಂಬುದು ಬಾಯಿಂದ ಬಾಯಿಗೆ ದಾಟುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಅಭ್ಯಾಸ ತಾನಾಗಿ ನಡೆಯಲು ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾದೀತೆಂಬ ಅಂದಾಜು ಸಿಕ್ಕಿತು. ನಡುವಿನ ಲೆಕ್ಕ 66. ಅದೂ ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು ಇಂಥ ಕೆಲಸಗಳಿಗೆ. ಸುಜಾತಾರಿಗೆ ಮುಖ್ಯವಾದ ಸಂಗತಿ ಬೇರೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೇನೂ ಆಗಿರಲಿಲ್ಲ. ಇವರಾದರೋ ಒಂದು ದಿನ ತಪ್ಪಿದ ಕೂಡಲೇ ಮತ್ತೆ ಒಂದರಿಂದ ಎಣಿಸುತ್ತಿದ್ದರು.

ಮೊದಲು ಅಲಾರಂ ತೆಗೆಸಿದೆ. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು, ಇವರಿಗೆ ಐದೂ ಸಿಗುತ್ತಿರಲಿಲ್ಲ. ರೋಗಿಗಳ ಔಷಧಿ ಇವರ ಕೈಯಲ್ಲಿದೆ. ನಿದ್ದೆ ಕದ್ದು ಕಥೆ ಬರೆಯುವುದನ್ನು ನಾನು ಒಪ್ಪಲಾರೆ ಎಂದು ನೇರವಾಗಿ ಹೇಳಿದೆ. ಒಂದು ವಾರ ಏನೂ ಬರೆಯಬೇಡಿ, ದಿನದಲ್ಲಿ ಯಾವ ಇಪ್ಪತ್ತು ನಿಮಿಷ ತಾನಾಗಿ ಖಾಲಿ ಉಳಿಯುತ್ತದೆ ಎಂದಷ್ಟೇ ಗುರುತು ಹಾಕಿಕೊಳ್ಳಿ ಎಂದೆ.

ಗುರುತು ಹಾಕಿದಾಗ ಹೊತ್ತು ಸಿಕ್ಕಿತು. ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದರೆ ಅತ್ತೆ ಮಲಗಿರುತ್ತಾರೆ, ಮಗಳ ಸ್ಕೂಲ್ ವ್ಯಾನ್ ಬರುವುದು ನಾಲ್ಕಕ್ಕೆ. ಮಧ್ಯಾಹ್ನದ ಪಾಳಿ ಇರುವ ದಿನ ಅಡುಗೆ ಮುಗಿದು ಡಬ್ಬಿ ಕಟ್ಟಿದ ಮೇಲೆ ಸ್ವಲ್ಪ ಬಿಡುವು. ಈ ಎರಡೂ ಹೊತ್ತು ಫೋನಿಗೆ ಹೋಗುತ್ತಿತ್ತು. ಗಡಿಯಾರಕ್ಕೆ ಕಟ್ಟಿದ ಬರವಣಿಗೆ ಪಾಳಿ ಬದಲಾದರೆ ಬಿದ್ದುಹೋಗುತ್ತದೆ. ಅದನ್ನು ಹೇಗೂ ಮಾಡುವ ಯಾವುದಾದರೂ ಕೈಕೆಲಸಕ್ಕೆ ಗಂಟು ಹಾಕಬೇಕು. 'ಇದಾದ ಕೂಡಲೇ ಅದು' ಎಂದು ಮೊದಲೇ ನಿಶ್ಚಯಿಸಿಕೊಂಡವರು ಅಂದುಕೊಂಡದ್ದನ್ನು ಹೆಚ್ಚು ನಡೆಸುತ್ತಾರೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆ ತೋರಿಸಿದೆ. ಸುಜಾತಾ ತಾವೇ ನಿಯಮ ಮಾಡಿಕೊಂಡರು: ಯೂನಿಫಾರಂ ಬಕೆಟ್ಟಿನಲ್ಲಿ ನೆನೆಹಾಕಿದ ಮೇಲೆ, ಫೋನ್ ಮುಟ್ಟುವ ಮೊದಲು ನೋಟ್‌ಬುಕ್. ಮಧ್ಯಾಹ್ನದ ಪಾಳಿಯಾದರೆ ಡಬ್ಬಿಯ ಮುಚ್ಚಳ ಹಾಕಿದ ಮೇಲೆ. ಐದು ಸಾಲಾದರೂ ಆ ದಿನ ಆಯಿತೆಂದೇ ಲೆಕ್ಕ. ಮುಂದಿನ ಸಾಲು ತಲೆಯಲ್ಲಿರುವಾಗಲೇ ನಿಲ್ಲಿಸಿ, ನಾಳೆ ಕೂರಲು ಸುಲಭವಾಗುತ್ತದೆ ಎಂದೂ ಹೇಳಿದೆ. ನೈಟ್ ಡ್ಯೂಟಿಯ ವಾರ ಬರವಣಿಗೆಗೆ ಪೂರ್ತಿ ರಜೆ. ಅದನ್ನು ಕ್ಯಾಲೆಂಡರಿನಲ್ಲಿ ಮೊದಲೇ ಬರೆದಿಟ್ಟರೆ ತಪ್ಪಿದ್ದು ಎನ್ನಿಸುವುದಿಲ್ಲ.

ಇದಕ್ಕಿಂತ ಕಷ್ಟವಾದದ್ದು ಮನೆಯಲ್ಲಿ ಹೇಳುವುದು. ಬಚ್ಚಿಟ್ಟು ಮಾಡುವ ಕೆಲಸಕ್ಕೆ ಯಾರೂ ಜಾಗ ಬಿಟ್ಟುಕೊಡುವುದಿಲ್ಲ, ಇದೆಯೆಂದೇ ಅವರಿಗೆ ಗೊತ್ತಿರುವುದಿಲ್ಲ. ಮೂರನೇ ಭೇಟಿಗೆ ಗಂಡನನ್ನೂ ಕರೆದುಕೊಂಡು ಬಂದರು. ಒಳ್ಳೆಯ ಮನುಷ್ಯ. "ಬರೀಲಿ ಮೇಡಂ, ನಂದೇನೂ ಅಭ್ಯಂತರ ಇಲ್ಲ" ಎಂದರು. ಅಭ್ಯಂತರ ಇಲ್ಲದಿರುವುದು ಸಾಲದು, ಆ ಹೊತ್ತಿನಲ್ಲಿ ಅತ್ತೆ ಎದ್ದು ಕಾಫಿ ಕೇಳಿದರೆ ಯಾರು ಮಾಡಿಕೊಡುತ್ತಾರೆ ಎಂದು ಕೇಳಿದೆ. ಅವರು ಯೋಚಿಸಿ, ಊಟಕ್ಕೆ ಬಂದಾಗ ತಾವೇ ಡಿಕಾಕ್ಷನ್ ಇಳಿಸಿ ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಹೋಗುತ್ತೇನೆ ಎಂದರು. ಗಂಡಂದಿರ ಪ್ರೋತ್ಸಾಹ ಇಂಥ ನಿರ್ದಿಷ್ಟ ಕೆಲಸದ ರೂಪ ತಾಳಿದಾಗ ಮಾತ್ರ ಹೆಂಡತಿಯ ಹೊತ್ತು ಉಳಿಯುತ್ತದೆ ಎಂಬುದನ್ನು ನಾನು ಮನೆಮನೆಯಲ್ಲೂ ಕಂಡಿದ್ದೇನೆ.

ಇನ್ನೊಂದು ವಿಷಯ ಸೂಕ್ಷ್ಮವಾದದ್ದು. ಇವರ ಕಥೆಗಳಲ್ಲಿ ವಾರ್ಡಿನ ಸಾವುಗಳು ಮತ್ತೆ ಮತ್ತೆ ಬರುತ್ತಿದ್ದವು. ಮನಸ್ಸಿನ ಭಾರವನ್ನು ಬರೆದು ಇಳಿಸಿಕೊಳ್ಳುವ ಬಗ್ಗೆ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಿಂದ ನಡೆಸಿದ ಅಧ್ಯಯನಗಳಿವೆ. ಅವರ ಕ್ರಮ ದಿನಕ್ಕೆ 15 ನಿಮಿಷ, ನಾಲ್ಕು ದಿನ. ಆದರೆ ಬರೆದ ಕೂಡಲೇ ಹಲವರಿಗೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ, ಹಗುರಾಗುವುದು ಆಮೇಲೆ. ಹಾಗಾಗಿ ಸಾವಿನ ನೆನಪುಗಳನ್ನು ಮಲಗುವ ಮುಂಚೆ ಬರೆಯಕೂಡದು, ಅದಕ್ಕೆ ಬೇರೆ ಪುಸ್ತಕ ಇರಲಿ, ರೋಗಿಯ ಹೆಸರು, ಹಾಸಿಗೆ ನಂಬರು, ಊರು ಅದರಲ್ಲೂ ಬೇಡ ಎಂದೆ. ಬರೆದ ಮೇಲೂ ದಿನಗಟ್ಟಲೆ ಅಳು ನಿಲ್ಲದಿದ್ದರೆ ನೋಟ್‌ಬುಕ್ ಮುಚ್ಚಿಟ್ಟು ನನಗೆ ಫೋನ್ ಮಾಡಬೇಕು.

ನಾಲ್ಕು ತಿಂಗಳಾಗಿದೆ. ನಿದ್ದೆ ಸರಿಹೋಗಿದೆ, ಚಾರ್ಟಿನ ಭಯ ಹೋಗಿದೆ. ಕಥೆ ಇನ್ನೂ ಮುಗಿದಿಲ್ಲ. ಕೆಲವು ವಾರ ಎರಡೇ ದಿನ ಕೂತಿದ್ದಾರೆ, ಆದರೂ ಒಂದರಿಂದ ಎಣಿಸುವುದನ್ನು ಬಿಟ್ಟಿದ್ದಾರೆ. ದಸರಾ ರಜೆಗೆ ಮಗಳು ಮನೆಯಲ್ಲೇ ಇರುವುದರಿಂದ ಮಧ್ಯಾಹ್ನದ ಹೊತ್ತು ಸಿಗಲಾರದು. ಆ ದಿನಗಳಲ್ಲಿ ಮಗಳನ್ನೂ ಪಕ್ಕದಲ್ಲಿ ಬರೆಯಲು ಕೂರಿಸಿಕೊಳ್ಳುವುದೋ, ಪೂರ್ತಿ ಬಿಡುವುದೋ ಎಂಬುದನ್ನು ಮುಂದಿನ ಭೇಟಿಯಲ್ಲಿ ಮಾತಾಡುತ್ತೇವೆ.