ಸಾನಿಯಾ ಸಿಂಗಲ್ಸ್ ಬಿಟ್ಟಿದ್ದು ಸೋಲೇ?

ಸಿಂಗಲ್ಸ್‌ನಲ್ಲಿ ಒಂದೂ ಗ್ರ್ಯಾಂಡ್ ಸ್ಲ್ಯಾಮ್ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲೊಂದು) ಗೆಲ್ಲದ ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾಗೆ ಇಷ್ಟೊಂದು ಹೆಸರು ಯಾಕೆ, ಡಬಲ್ಸ್‌ಗೆ ಹೋಗಿದ್ದು ಸೋತು ಹಿಂದೆ ಸರಿದ ಹಾಗಲ್ವಾ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ಸಂಜೆ ಆಡುವ ನಮ್ಮ ಗುಂಪಿನಲ್ಲೂ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಇದೇ ಜಗಳ ನಡೆಯುತ್ತದೆ. ನಾನು ಸಾನಿಯಾ ಪಾರ್ಟಿ.

ಮೊದಲು ಸಿಂಗಲ್ಸ್ ವಿಷಯ. 2007ರಲ್ಲಿ ಆಕೆಯ ರ‍್ಯಾಂಕ್ 27ಕ್ಕೆ ಏರಿತ್ತು. ಅದಕ್ಕೂ ಮೊದಲು, 2005ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೂರನೇ ಸುತ್ತಿನವರೆಗೆ ಹೋಗಿ ಸೆರೆನಾ ವಿಲಿಯಮ್ಸ್ ಎದುರು ಸೋತರು. ಮರುತಿಂಗಳೇ ಹೈದರಾಬಾದ್‌ನಲ್ಲಿ ಡಬ್ಲ್ಯುಟಿಎ (ಮಹಿಳೆಯರ ವೃತ್ತಿಪರ ಟೆನಿಸ್) ಪ್ರಶಸ್ತಿ ಗೆದ್ದರು. ಆಮೇಲೆ ದುಬೈನಲ್ಲಿ ಆಗಿನ ಯುಎಸ್ ಓಪನ್ ಚಾಂಪಿಯನ್ ಕುಜ್ನೆತ್ಸೋವಾರನ್ನು ಸೋಲಿಸಿದರು. ಅದೇ ವರ್ಷ ಯುಎಸ್ ಓಪನ್‌ನಲ್ಲಿ ನಾಲ್ಕನೇ ಸುತ್ತು. ವಯಸ್ಸು ಆಗ ಹದಿನೆಂಟು! ಅವರಿಗಿಂತ ಮೊದಲು ನಿರುಪಮಾ ವೈದ್ಯನಾಥನ್ 1998ರಲ್ಲಿ ಆಸ್ಟ್ರೇಲಿಯನ್ ಓಪನ್‌ನ ಒಂದು ಸುತ್ತು ಗೆದ್ದಿದ್ದೇ ನಮಗೆ ದೊಡ್ಡ ಸುದ್ದಿಯಾಗಿತ್ತು. 27ರ ಹತ್ತಿರಕ್ಕೆ ಭಾರತದ ಇನ್ನೊಬ್ಬ ಹುಡುಗಿ ಇವತ್ತಿಗೂ ಬಂದಿಲ್ಲ. ಇದನ್ನು ಸೋಲು ಅಂದರೆ ಹೇಗೆ ಸ್ವಾಮಿ?

ತಾನು ಕಲಿತದ್ದು ಸಗಣಿ ಸಾರಿಸಿದ ಕೋರ್ಟ್‌ಗಳಲ್ಲಿ ಅಂತ ಅವರೇ ಹೇಳಿದ್ದಾರೆ. ನಮ್ಮ ಬಿಸಿಲಲ್ಲಿ ಮಣ್ಣಿನ ಕೋರ್ಟ್‌ಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿದವರಿಗೆ ಅದರ ಕಷ್ಟ ಗೊತ್ತು. ಅರ್ಧ ಗಂಟೆಗೆ ಗೆರೆ ಅಳಿಸಿ ಹೋಗಿರುತ್ತದೆ, ಚೆಂಡು ಎಲ್ಲಿ ಪುಟಿಯುತ್ತದೋ ದೇವರೇ ಬಲ್ಲ.

ಈಗ ನಿಮ್ಮ ಅಸಲಿ ಪ್ರಶ್ನೆ. ಸಾನಿಯಾ ಆಟ ನಿಂತಿದ್ದೇ ಫೋರ್‌ಹ್ಯಾಂಡ್ ಮೇಲೆ. ಆ ಹೊಡೆತದ ಜೋರು ಬರುತ್ತಿದ್ದುದು ಮಣಿಕಟ್ಟಿನಿಂದ. ಕೊನೇ ಕ್ಷಣದಲ್ಲಿ ಚಾಟಿ ಬೀಸಿದ ಹಾಗೆ ಕೈ ತಿರುಗುತ್ತಿತ್ತು, ಚೆಂಡು ಯಾವ ಕಡೆ ಹೋಗುತ್ತದೆ ಅಂತ ಎದುರಾಳಿಗೆ ಗೊತ್ತಾಗುತ್ತಿರಲಿಲ್ಲ. 2008ರಲ್ಲಿ ಪೆಟ್ಟಾಗಿದ್ದು ಅದೇ ಮಣಿಕಟ್ಟಿಗೆ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೊದಲ ಪಂದ್ಯವನ್ನೇ ಅರ್ಧಕ್ಕೆ ಬಿಡಬೇಕಾಯಿತು, ಆಮೇಲೆ ಆಪರೇಷನ್. ಮಂಡಿಗಳಿಗೂ ಆಪರೇಷನ್ ಆಗಿದೆ. ಎರಡನೇ ಸರ್ವ್ ಮೊದಲಿಂದಲೂ ಮೆತ್ತಗೆ. ಇಂಥ ಮೈ ಇಟ್ಟುಕೊಂಡು ಕೋರ್ಟ್ ತುಂಬಾ ಒಬ್ಬರೇ ಓಡುವುದಕ್ಕಿಂತ, ಅರ್ಧ ಕೋರ್ಟ್ ನೋಡಿಕೊಂಡು ಆ ಫೋರ್‌ಹ್ಯಾಂಡ್ ಉಳಿಸಿಕೊಳ್ಳುವುದು ಜಾಣತನ ಅಲ್ವಾ? 2013ರಲ್ಲಿ ಸಿಂಗಲ್ಸ್ ಬಿಟ್ಟರು. 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನಲ್ಲಿ ನಂಬರ್ 1.

"ಇನ್ನೊಬ್ಬರ ಜೊತೆ ಆಡಿ ಗೆದ್ದಿದ್ದು" ಅನ್ನೋರಿಗೆ ನನ್ನದೊಂದು ಮಾತು. ನಮ್ಮಂಥ ಊರಲ್ಲಿ ಕೋರ್ಟ್ ಕಡಿಮೆ, ಆಡೋರು ಜಾಸ್ತಿ, ಹಾಗಾಗಿ ಎಲ್ಲರೂ ಆಡುವುದು ಡಬಲ್ಸೇ. ಪಾರ್ಟ್ನರ್ ಸರ್ವ್ ಮಾಡುವಾಗ ನೆಟ್ ಹತ್ತಿರ ಸುಮ್ನೆ ನಿಂತು ನೋಡಿ, ಎದೆ ಹೊಡೆದುಕೊಳ್ಳುತ್ತದೆ. ಸಾನಿಯಾರ ಡಬಲ್ಸ್ ಜೊತೆಗಾತಿ, ಸ್ವಿಟ್ಜರ್ಲೆಂಡ್‌ನ ಮಾರ್ಟಿನಾ ಹಿಂಗಿಸ್ ನೆಟ್‌ನಲ್ಲಿ ಚುರುಕು, ಸಾನಿಯಾ ಹಿಂದಿನಿಂದ ಬಾರಿಸುವವರು. ಒಬ್ಬರು ಜಾಗ ಮಾಡಿಕೊಟ್ಟರೆ ಇನ್ನೊಬ್ಬರು ಪಾಯಿಂಟ್ ಮುಗಿಸುತ್ತಿದ್ದರು. ಇಬ್ಬರೂ ಸೇರಿ ಸತತ 41 ಪಂದ್ಯ ಗೆದ್ದರು. ವಿಂಬಲ್ಡನ್, ಯುಎಸ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್, ಮೂರೂ ಸಾಲಾಗಿ. ಮಿಕ್ಸೆಡ್‌ನ, ಅಂದರೆ ಗಂಡು-ಹೆಣ್ಣು ಜೋಡಿಯಾಗಿ ಆಡುವ ಡಬಲ್ಸ್‌ನ, ಮೂರು ಗ್ರ್ಯಾಂಡ್ ಸ್ಲ್ಯಾಮ್ ಬೇರೆ: ಮಹೇಶ್ ಭೂಪತಿ ಜೊತೆ ಎರಡು, ಬ್ರೂನೋ ಸೋರೆಸ್ ಜೊತೆ ಒಂದು.

ಒಂದು ಬೇಜಾರಿದೆ. 2008ರಲ್ಲಿ ಬೆಂಗಳೂರಿನ ಟೂರ್ನಿಗೆ ಆಕೆ ಬರಲಿಲ್ಲ. ಬಟ್ಟೆ, ಧ್ವಜ ಅಂತ ದಿನಕ್ಕೊಂದು ವಿವಾದ ಎಬ್ಬಿಸಿ ನಾವೇ ಸಾಕು ಸಾಕು ಮಾಡಿದ್ದೆವು. ಆಟ ನೋಡಿದ್ದಕ್ಕಿಂತ ಸ್ಕರ್ಟ್ ಅಳತೆ ನೋಡಿದ್ದೇ ಜಾಸ್ತಿ.

ಮಗ ಹುಟ್ಟಿದ ಮೇಲೆ 2020ರ ಜನವರಿಯಲ್ಲಿ ವಾಪಸ್ ಬಂದು, ಮೊದಲ ಟೂರ್ನಿ ಹೋಬಾರ್ಟ್‌ನಲ್ಲೇ ಡಬಲ್ಸ್ ಗೆದ್ದರು. ಕೊನೆಯ ಗ್ರ್ಯಾಂಡ್ ಸ್ಲ್ಯಾಮ್, 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, ನಮ್ಮ ಕೊಡಗಿನ ರೋಹನ್ ಬೋಪಣ್ಣ ಜೊತೆ ಮಿಕ್ಸೆಡ್ ಫೈನಲ್‌ವರೆಗೂ ಹೋಗಿದ್ದರು.

ಇಷ್ಟು ಹೇಳಿದರೂ ಅನುಮಾನ ಉಳಿದಿದ್ದರೆ 2015ರ ವಿಂಬಲ್ಡನ್ ಡಬಲ್ಸ್ ಫೈನಲ್‌ನ ಮೂರನೇ ಸೆಟ್ ಮಾತ್ರ ನೋಡಿ. 2-5ರಲ್ಲಿ ಹಿಂದಿದ್ದರು. 5-5 ಆದಾಗ ಕತ್ತಲಾಯಿತು ಅಂತ ಛಾವಣಿ ಮುಚ್ಚಿದರು. ಮತ್ತೆ ಆಟ ಶುರುವಾದ ಮೇಲೆ ಎದುರಾಳಿಗಳಿಗೆ ಒಂದು ಗೇಮ್ ಕೂಡ ಸಿಗಲಿಲ್ಲ.