ಮೊದಲ ಮಗು: ನಮಗೆ ಅನ್ನಿಸಿದ್ದನ್ನು ಎಷ್ಟು ನಂಬಬಹುದು?

ಮಗುವಿಗೆ ಎರಡು ತಿಂಗಳು, ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನನಗೆ ಅನ್ನಿಸಿದ್ದನ್ನೇ ಮಾಡಲೇ ಎಂದು ಕೇಳಿದ್ದೀರಿ.

"ಏನೋ ಸರಿಯಿಲ್ಲ" ಅಂತ ಮನಸ್ಸು ಹೇಳಿದರೆ ನಂಬಿ. "ಏನೂ ಆಗಲ್ಲ ಬಿಡು" ಅಂದರೆ ಮಾತ್ರ ಸ್ವಲ್ಪ ಅನುಮಾನಪಡಿ. ದಿನವಿಡೀ ಮಗುವನ್ನು ಎತ್ತಿಕೊಂಡಿರುವವರು ನೀವು. ಅಳುವ ದನಿ ಬದಲಾದದ್ದು, ಹಾಲು ಕುಡಿಯುವಾಗ ಮಂಕಾದದ್ದು ಮೊದಲು ಗೊತ್ತಾಗುವುದು ನಿಮಗೇ. "ಇವತ್ತು ಯಾಕೋ ಬೇರೆ ಥರ ಇದೆ" ಅಂತ ಡಾಕ್ಟರಿಗೆ ಹೇಳಲು ಸಂಕೋಚ ಬೇಡ.

ಜ್ವರದ ವಿಷಯದಲ್ಲಿ ಊಹೆ ನಡೆಯುವುದಿಲ್ಲ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ, ಮಗು ಎಷ್ಟೇ ಆರಾಮಾಗಿ ಕಂಡರೂ ತಕ್ಷಣ ತೋರಿಸಬೇಕು. ಹಣೆ ಮುಟ್ಟಿ ನೋಡಿದ್ದು ಲೆಕ್ಕಕ್ಕಿಲ್ಲ, ಥರ್ಮಾಮೀಟರ್ ಇಡಿ.

"ಹಾಲು ಸಾಲ್ತಿಲ್ಲ" ಅನ್ನೋ ಭಯ ಎಷ್ಟೋ ಸಲ ಸುಳ್ಳೇ. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಸಾಮಾನ್ಯವಾಗಿ ಹಾಲು ಸಾಕಾಗುತ್ತಿದೆ ಎಂದೇ ಅರ್ಥ. 6 ತಿಂಗಳವರೆಗೆ ಎದೆಹಾಲೇ ಸಾಕು, ಸುಮ್ನೆ ನೀರು ಕುಡಿಸಬೇಡಿ.

ಇನ್ನು ಅಜ್ಜಿಯರ ಮಾತು. ಮೆಲ್ಲಗೆ ಎಣ್ಣೆ ಹಚ್ಚಲಿ, ಕೆನ್ನೆಗೆ ದೃಷ್ಟಿಬೊಟ್ಟು ಇಡಲಿ, ಅದಕ್ಕೆಲ್ಲ ಜಗಳ ಯಾಕೆ? ಆದರೆ ಬಜೆ ತೇಯ್ದು ನೆಕ್ಕಿಸುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು. ಇದನ್ನು ಅತ್ತೆಗೆ ನೀವೇ ಹೇಳಿದರೆ ಮನಸ್ತಾಪ. ಹತ್ತನೇ ವಾರದ ಲಸಿಕೆಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಲ್ಲೇ ಹೇಳಿಸಿ.